ಸಂತ ರೋಕ್ ಸಂಘದ ಬಿಲ್ಲೆ

…ಏಳಬೇಡ, ಏಳಬೇಡ್ವೋ ಮಾರಾಯ! ಮಲಗು. ಹಾಂ, ಹಾಗೆ. ತಡ ಆಯ್ತು, ಒಪ್ಕೋತೀನಿ. ಬೈಯೋದಿದ್ರೆ ದವಡೆ ಕಟ್ಟು ಬಿಚ್ಚಿದ ಮೇಲೆ ಒಟ್ಟಿಗೆ ಬೈದುಬಿಡು. ಆ ಟ್ರಾಮ್ ಇದೆಯಲ್ಲ, ಸೇತುವೆ ಹತ್ರ ಬಂದು ನಿಂತೇಬಿಡ್ತು. ಹಿಮ ಕರಗಿ ಹಳಿ ತುಂಬಾ ರಾಡಿ. ಆಮೇಲೆ ಈ ಗುಡ್ಡ ಬೇರೆ! ಆಸ್ಪತ್ರೆ ಕಟ್ಟೋರಿಗೆ ಗುಡ್ಡದ ತುದಿನೇ ಬೇಕಿತ್ತಾ? ಕಾಯಿಲೆಯವನನ್ನ ನೋಡೋಕೆ ಬಂದೋನಿಗೂ ಪಕ್ಕದಲ್ಲೊಂದು ಹಾಸಿಗೆ ಹಾಕ್ಕೊಡಬೇಕು ಇವರು… ತಡಿ, ಸ್ವಲ್ಪ ಉಸಿರು ತಗೋತೀನಿ.

ಆ ಕೆಂಪು ಕೂದಲ ನರ್ಸಮ್ಮ ಏನು ಮಾಡಿದ್ಲು ಗೊತ್ತಾ? ಬಾಗಿಲಲ್ಲೇ ನನ್ನ ದೊಡ್ಡ ಕೋಟು ಬಿಚ್ಚಿಸಿದ್ಲು. ಒದ್ದೆಯಂತೆ, ನೆಲ ಹಾಳಾಗುತ್ತಂತೆ. ಬೂಟು ನೋಡಿದ್ಲು, ನನ್ನ ಮುಖ ನೋಡಿದ್ಲು, ತಿರುಗಿ ಬೂಟು ನೋಡಿದ್ಲು. ಹೇಳಿದ್ದರಲ್ಲಿ ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಬೈತಿದ್ದಾಳೆ ಅನ್ನೋದು ಗೊತ್ತಾಗೋಕೆ ಇಂಗ್ಲಿಷ್ ಯಾಕೆ ಬೇಕು ಹೇಳು. 'ಯೆಸ್ ಮಿಸ್, ಯೆಸ್ ಮಿಸ್' ಅಂತ ತಲೆ ಆಡಿಸಿ ಒಳಗೆ ನುಸುಳಿಬಿಟ್ಟೆ. ಈ ದೇಶಕ್ಕೆ ಬಂದು ಇಷ್ಟು ವರ್ಷಕ್ಕೆ ಕಲಿತಿದ್ದು ಅಷ್ಟೇ ಅಲ್ವೇನೋ ನಾವಿಬ್ರೂ!

ಸರಿ, ಮೊದಲು ಸಂಘದ ಕೆಲಸ ಮುಗಿಸಿಬಿಡೋಣ. ನೆಟ್ಟಗೆ ನೋಡು, ನಾನೀಗ ನಿನ್ನ ವಿಂಕೊ ಅಲ್ಲ, ಅಧಿಕಾರಿ. ಹ್ಞೂಂ… 'ಸೋದರ ಲೊವ್ರೊ! ಸಂತ ರೋಕ್ ಪರಸ್ಪರ ಸಹಾಯ ಸಂಘದ ಪರವಾಗಿ, ಕಾಯಿಲೆ ಬಿದ್ದ ಸೋದರರನ್ನ ವಿಚಾರಿಸೋ ಪಾಳಿಯ ವಿಂಕೊ ಆದ ನಾನು ಈ ದಿನ ಖುದ್ದಾಗಿ ಬಂದು ನೋಡಿದ್ದೇನಪ್ಪಾ ಅಂದ್ರೆ…' ಹಾಸಿಗೆಯಲ್ಲೇ ಇದಾನೆ. ಕುಡಿದಿಲ್ಲ. ಸೌದೆ ಒಡೀತಾ ಇಲ್ಲ. ಪಕ್ಕದ ಮನೆಯವಳ ಜೊತೆ ಹಲ್ಲು ಕಿರೀತಾ ಇಲ್ಲ. ಕಿರಿಯೋಕೆ ಹಲ್ಲೆಲ್ಲಿ ಉಳಿದಿದೆ ಪಾಪ!

ನಗಬೇಡ, ನಗಬೇಡ. ದವಡೆ ನೋಯುತ್ತೆ. ತೋಮೊನ ಸೊಂಟ ನೆನಪಾಯ್ತಾ? ಸೊಂಟ ಮುರಿದಿದೆ, ಏಳೋಕಾಗಲ್ಲ ಅಂತ ಸಂಘದ ಸಹಾಯ ತಿಂದು ಮಲಗಿದ್ದ ನನ್ಮಗ. ಸ್ಲೊವಾಕರ ಮದುವೆಗೆ ಹೋಗಿ ನೋಡ್ತೀನಿ, ಕೈಕೈ ಹಿಡ್ಕೊಂಡು ಎಲ್ಲರಿಗಿಂತ ಎತ್ತರಕ್ಕೆ ಕುಣೀತಿದಾನೆ! ನನ್ನ ಎದೆ ಮೇಲೆ ಸಂಘದ ಬಿಲ್ಲೆ ಕಂಡಿದ್ದೇ ತಡ, ಅಲ್ಲೇ ಸೊಂಟ ಹಿಡ್ಕೊಂಡು 'ಅಯ್ಯೋ ಅಮ್ಮಾ' ಅಂತ ಕೂತ್ಕೊಂಡ ನೋಡು… ಏನೋ, ನಗ್ತಾ ಇಲ್ವಾ? ನಕ್ಕೆ ಅಂದ್ಕೊಂಡೆ. ಆ ಬ್ಯಾಂಡೇಜಿನೊಳಗೆ ನೀನು ನಗ್ತಿದೀಯೋ ಹಲ್ಲು ಕಡೀತಿದೀಯೋ ಯಾರಪ್ಪನಿಗೆ ಗೊತ್ತಾಗುತ್ತೆ. ಮುಖ ಪೂರ್ತಿ ಸುತ್ತಿಟ್ಟು ಎರಡು ಕಣ್ಣು ಬಿಟ್ಟಿದ್ದಾರೆ.

ಏನು ನೋಡ್ತೀಯ ನನ್ನ ಎದೆ? ಗೊತ್ತು, ಗೊತ್ತು. ಗುಂಡಿ ಹೋಗಿದೆ. ಈ ಒಳಕೋಟಿನ ಗುಂಡಿ ಹೋಗಿ ವಾರ ಆಯ್ತು. ಹೆಂಡ್ತಿ ಇಲ್ಲದೋನ ಬಾಳು ಇಷ್ಟೇ ಕಣೋ. ಇಷ್ಟು ವರ್ಷ ನಿನ್ನ ತೆರೆಜಾನೇ ಹೊಲಿದು ಕೊಡ್ತಿದ್ಲು… ಕೊಡ್ತಾಳೆ. ಕೊಡ್ತಾಳೆ ಅಂದೆ. ಹಾಗೆ ದುರುಗುಟ್ಟಿ ನೋಡಬೇಡ ಮಾರಾಯ, ಒಂದು ಗುಂಡಿಗೆ ಯಾಕಿಷ್ಟು!

ಕೆಳಗೆ ಡಾಕ್ಟರ್ ಸಿಕ್ಕಿದ್ರು. ಅವರ ಜೊತೆ ಬರೋ ಆ ಪೋಲಿಷ್ ಹುಡುಗಿ ನನಗೆ ತಿರುಗಿಸಿ ಹೇಳಿದ್ಲು. ದವಡೆ ಚೆನ್ನಾಗಿ ಕೂಡ್ಕೋತಿದೆಯಂತೆ. ಈಸ್ಟರ್ ಹೊತ್ತಿಗೆ ಮೆಕ್ಕೆಜೋಳದ ಮುದ್ದೆ ತಿಂತೀಯಂತೆ. ಎದೆಯದ್ದೇ ಸ್ವಲ್ಪ… ಕಾರ್ಖಾನೆಯಲ್ಲಿ ಹರಿದ ಆ ಹಾಳು ಸರಪಳಿ ಬರೀ ದವಡೆಗೆ ಬಡೀಲಿಲ್ವಲ್ಲ. ಹೃದಯ ಇನ್ನೂ ತಪ್ಪಿ ತಪ್ಪಿ ಬಡ್ಕೋತಿದೆಯಂತೆ. ಅವನಿಗೆ ಗಾಬರಿ ಆಗೋ ಅಂಥದ್ದು ಏನೂ ಹೇಳಬೇಡಿ, ಹೇಳಿದ್ರೆ ನಾನು ಜವಾಬ್ದಾರಿ ಅಲ್ಲ ಅಂದ್ರು. ನಾನಂದೆ, ಡಾಕ್ಟ್ರೇ, ಗಾಬರಿ ವಿಷಯ ನನ್ನ ಬಾಯಲ್ಲಿ ಎಲ್ಲಿಂದ ಬರಬೇಕು, ನಾನು ಮಾತಾಡೋದೆಲ್ಲ ಬರೀ ತಮಾಷೆ ಅಂತ.

ಕಣ್ಣು ಯಾಕೆ ಮುಚ್ಕೊಂಡೆ? ನಿದ್ದೆ ಬಂತಾ? ಬೇಡ, ಈಗ್ಲೇ ಮಲಗಬೇಡ್ವೋ. ಬಾವುಟದ ಸುದ್ದಿ ಹೇಳೋದೇ ಇದೆ ಇನ್ನೂ!

ಬಂತು ಕಣೋ ನಮ್ಮ ಹೊಸ ಬಾವುಟ. ಪಿಟ್ಸ್‌ಬರ್ಗಿನಲ್ಲಿ ಆ ಚಿತ್ರ ಬರೆಯೋ ಇಟಲಿಯವನಿಗೆ ಕೊಟ್ಟಿದ್ವಲ್ಲ, ಮೊನ್ನೆ ತಂದುಕೊಟ್ಟ. ರೇಷ್ಮೆ ಏನು, ಜರಿ ಏನು! ಅಧ್ಯಕ್ಷ ಬ್ಲಾಜ್ ಕೈಗೆ ಬಿಳಿ ಗವಸು ಹಾಕ್ಕೊಂಡು ಬಿಚ್ಚಿದ. ನೋಡ್ತೀವಿ, ಸಂತ ರೋಕ್ ಏನೋ ಇದಾನೆ, ತೊಡೆಯ ಹುಣ್ಣು ತೋರಿಸ್ಕೊಂಡು ಕೋಲು ಹಿಡಿದು ನಿಂತಿದಾನೆ. ಪಕ್ಕದಲ್ಲಿ ನಾಯಿ ಇರಬೇಕಲ್ಲ, ಬಾಯಲ್ಲಿ ರೊಟ್ಟಿ ಕಚ್ಕೊಂಡು ಬರೋ ನಾಯಿ? ನಾಯಿ ಇಲ್ಲ ಕಣೋ, ಹಂದಿ! ಆಣೆ ಮಾಡಿ ಹೇಳ್ತೀನಿ, ಗುಂಡಗೆ, ಗುಲಾಬಿ ಬಣ್ಣದ ಹಂದಿ! ಬ್ಲಾಜನ ಮುಖ ನೋಡಬೇಕಿತ್ತು. 'ಇದು ಇಟಲಿಯ ನಾಯಿ ಇರಬಹುದು, ನಮ್ಮೂರು ಲಿಕಾ ಕಡೆ ಈ ಜಾತಿ ಇಲ್ಲ' ಅಂತಾನೆ. ಹೆಂಗಸರು ಹೊಟ್ಟೆ ಹಿಡ್ಕೊಂಡು ಬಿದ್ದೂ ಬಿದ್ದೂ ನಕ್ರು. ಕೊನೆಗೆ ಏನು ಮಾಡೋದು, ಸಭೆ ಸೇರಿ ಕೈ ಎತ್ತಿ ಠರಾವು ಮಾಡಿದ್ವಿ, ಅದು ನಾಯಿನೇ ಅಂತ. ನಮ್ಮ ಸಂಘಕ್ಕೆ ಠರಾವು ಮಾಡೋದು ಅಂದ್ರೆ ಎಷ್ಟು ಇಷ್ಟ ನಿನಗೆ ಗೊತ್ತಲ್ಲ. ಕೈ ಎತ್ತಿಬಿಟ್ರೆ ಹಂದಿನೂ ನಾಯಿ ಆಗುತ್ತೆ.

ಬಾವುಟಕ್ಕೆ ಪಾದ್ರಿ ನೀರು ಚಿಮುಕಿಸೋ ದಿನ ನೀನೇ ಡೋಲು ಬಾರಿಸಬೇಕು ಅಂತ ಎಲ್ಲರ ಆಸೆ. ಬಾರಿಸ್ತೀಯ, ಬಾರಿಸ್ತೀಯ. ಡೋಲು ಬಾರಿಸೋಕೆ ದವಡೆ ಯಾಕೆ? ನಿನ್ನ ಬಿಲ್ಲೆ ಎಲ್ಲಿ, ಇದೆ ತಾನೆ? ಹಾಂ, ಇಲ್ಲೇ ಕಪಾಟಿನ ಮೇಲೆ, ಜಪಮಾಲೆ ಪಕ್ಕದಲ್ಲಿ. ತೆರೆಜಾ ತಂದಿಟ್ಟಿದ್ದು. ಬಣ್ಣದ ಮಗ್ಗುಲು ಮೇಲೆ ಮಾಡಿ ಎಷ್ಟು ನೀಟಾಗಿ ಇಟ್ಟಿದಾಳೆ ನೋಡು.

ಬಿಲ್ಲೆ ಅಂದಾಗ ಯೂರೆ ತಾತನ ಕಥೆ ನೆನಪಾಯ್ತು. ಬ್ಲಾಜನ ಕೊನೇ ಮಗಳ ನಾಮಕರಣದ ದಿನ! ಅಡುಗೆಮನೆ ತುಂಬಾ ಹೆಂಗಸರು, ಗಂಡಸರೆಲ್ಲ ಇನ್ನೂ ಕಾರ್ಖಾನೆ ಪಾಳಿ ಮುಗಿಸಿ ಬಂದಿಲ್ಲ. ಬಾಗಿಲು ತೆಗೆದು ಯೂರೆ ಒಳಗೆ ಬರ್ತಾನೆ, ಎದೆ ಮೇಲೆ ಬಿಲ್ಲೆ. ಕೆಂಪು-ಬಿಳಿ-ನೀಲಿ ಮಗ್ಗುಲು ಹೊರಗಿರಬೇಕಲ್ವಾ ಹಬ್ಬಕ್ಕೆ? ಆ ಮಂಕು ಮುದುಕ ತಿರುಗಿಸಿ ಹಾಕ್ಕೊಂಡು ಬಂದಿದಾನೆ, ಕರೀ ಮಗ್ಗುಲು ಹೊರಗೆ! ಮಣ್ಣಿಗೆ ಹೋಗೋವಾಗ ಹಾಕ್ಕೊಳ್ಳೋ ಮಗ್ಗುಲು! ಹಿಂದಿನ ವಾರ ಯಾರದೋ ಮಣ್ಣಿಗೆ ಹೋಗಿದ್ದು, ಸ್ಮಶಾನದ ಗೇಟಿನಲ್ಲಿ ತಿರುಗಿಸೋಕೆ ಮರೆತಿದಾನೆ. ಮುಗೀತು ಕಥೆ. ಹೆಂಗಸರ ಎದೆ ಧಸಕ್ ಅಂತು. ಒಬ್ಬೊಬ್ಬಳಿಗೂ ತನ್ನ ಗಂಡನೇ ಹೋದ ಅಂತ. 'ಯಾರು? ಯಾರು ಯೂರೆ? ಹೇಳು!' ಯೂರೆಗೆ ಕಿವಿ ಮಂದ, ಅವನು 'ದೇವರು ಒಳ್ಳೇದು ಮಾಡ್ಲಿ' ಅಂತ ಬ್ಲಾಜನ ಹೆಂಡ್ತಿ ಕೈ ಕುಲುಕಿದ! ಅವಳು ಅಲ್ಲೇ ಕುಸಿದಳು. ಒಬ್ಬಳು ಕಿರುಚಿದ್ಲು, ಎಲ್ಲರೂ ಕಿರುಚಿದ್ರು, ಕೂಸು ಎದ್ದು ಅದೂ ಕಿರುಚಿತು…

ಆಗ ಎದ್ದವಳು ಯಾರು ಹೇಳು. ನಿನ್ನ ತೆರೆಜಾ. ಒಲೆ ಮುಂದಿಂದ ಎದ್ದು ಬಂದು, ಕೈಯಲ್ಲಿ ಸೌಟು, ಯೂರೆ ಕಿವಿ ಹಿಡ್ಕೊಂಡ್ಲು. ಬಿಲ್ಲೆ ಕಿತ್ತು, ತಿರುಗಿಸಿ, ಮತ್ತೆ ಚುಚ್ಚಿದ್ಲು. 'ತಗೊಳ್ಳಿ, ಸತ್ತೋನು ಎದ್ದ, ಊಟಕ್ಕೆ ಕೂತ್ಕೊಳ್ಳಿ' ಅಂದ್ಲು! ಅಷ್ಟೇ. ಅಳ್ತಿದ್ದೋರೆಲ್ಲ ನಗೋಕೆ ಶುರು. ಆ ದಿನ ನಗೆ ನಿಲ್ಲಿಸೋಕೆ ಯಾರಿಂದ ಆಯ್ತು…

ನೋಡು ನೋಡು, ನಕ್ಕೂ ನಕ್ಕೂ ನಿನ್ನ ಕಣ್ಣಲ್ಲೂ ನೀರು ಬಂತು. ತಡಿ, ಬ್ಯಾಂಡೇಜ್ ಒದ್ದೆ ಆದ್ರೆ ಆ ನರ್ಸಮ್ಮ ನನ್ನ ಕೊಂದೇಬಿಡ್ತಾಳೆ. ಇರು, ಒರೆಸ್ತೀನಿ. ಹಾಂ. ಸಾಕು, ಇನ್ನು ತಮಾಷೆ ಬೇಡ. ನನಗೂ ಯಾಕೋ ಕಣ್ಣುರಿ. ಈ ಊರಿನ ಹೊಗೆ.

ಹ್ಞಾಂ… ತೆರೆಜಾ ವಿಷಯ. ನೀನು ಕೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಬಂದಾಗಲೆಲ್ಲ ನಾನು ಸ್ಟೂಲ್ ಎಳ್ಕೊಳ್ಳೋಕೆ ಮುಂಚೆ ಉಂಗುರ ಮುಟ್ಟಿ ಮುಟ್ಟಿ ಕೇಳ್ತೀಯಲ್ಲ, 'ಅವಳೆಲ್ಲಿ, ಅವಳೆಲ್ಲಿ' ಅಂತ. ಮೊನ್ನೆ ಬಂದಾಗ ಕೆಮ್ಮು ಅಂದಿದ್ದೆನಲ್ಲ? ಕೆಮ್ಮು ಕಡಿಮೆ ಆಯ್ತು. ಪೂರ್ತಿ ಹೋಯ್ತು ಅಂತಾನೇ ಇಟ್ಕೋ. ಆದ್ರೆ ಸುಸ್ತು. ಅದಕ್ಕೇ ತಂಗಿ ಮನೆಗೆ ಹೋಗಿದಾಳೆ, ಕ್ಲೀವ್‌ಲ್ಯಾಂಡಿಗೆ. ಸ್ವಲ್ಪ ದಿನ ಇದ್ದು ಬರ್ತಾಳೆ. ಅಲ್ಲಿ ಸರೋವರದ ಗಾಳಿ, ಎದೆಗೆ ಒಳ್ಳೇದಂತೆ… ಏನು ಹುಬ್ಬು ಗಂಟು ಹಾಕ್ತೀಯ? ಹೌದಪ್ಪ, ಮಾರ್ಚ್ ತಿಂಗಳ ಸರೋವರದ ಗಾಳಿ ಮೂಳೆ ಕೊರೆಯುತ್ತೆ, ನನಗೂ ಗೊತ್ತು. ಗಾಳಿ ಅಂದ್ರೆ… ಮನೆಯೊಳಗೇ ಇರ್ತಾಳೆ. ತಂಗಿ ಚೆನ್ನಾಗಿ ನೋಡ್ಕೋತಾಳೆ. ಹೊರಡೋವಾಗ ನಾನೇ ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬಂದೆ. ಕಿಟಕಿಯಿಂದ ಕೈ ಬೀಸಿದ್ಲು. ಹೌದು, ಕೈ ಬೀಸಿದ್ಲು.

ಹೋಗೋವಾಗ ಏನು ಕೊಟ್ಲು ಗೊತ್ತಾ? ನೋಡಿಲ್ಲಿ. ಕಾಲುಚೀಲ! ಉಣ್ಣೆದು. ಈ ಆಸ್ಪತ್ರೆಯಲ್ಲಿ ಅವನ ಕಾಲು ತಣ್ಣಗಿರುತ್ತೆ ವಿಂಕೊ, ಹೊದಿಕೆ ಗಿಡ್ಡ, ಅವನು ಉದ್ದ ಅಂತ ಪೇಚಾಡ್ತಿದ್ಲು. ಕಾಲು ಕೊಡು. ಕೊಡೋ, ನಾಚಿಕೆ ಏನು, ಊರಲ್ಲಿ ಒಂದೇ ಹಳ್ಳದಲ್ಲಿ ಬತ್ತಲೆ ಈಜಿದೋರು ನಾವು. ಅಬ್ಬಾ, ನಿಜವಾಗ್ಲೂ ತಣ್ಣಗಿದೆ ಮಾರಾಯ… ಒಂದು ಆಯ್ತು. ಈಗ ಇದು. ಸ್ವಲ್ಪ ಬಿಗಿ ಇದೆ ಅಲ್ವಾ ಬಲಗಾಲಿಂದು? ಬೆರಳ ಹತ್ರ ಬಿಗಿ. ಅದೇನೋ… ಬೇರೆ ಉಂಡೆ ಇರಬೇಕು ಉಣ್ಣೆ. ಬೆಳಕು ಕಡಿಮೆ ಇತ್ತು, ಅವಸರದಲ್ಲಿ ಹೆಣೆದಿದಾಳೆ. ಎರಡನ್ನೂ ಹಾಗೆ ಜೋಡಿಸಿ ನೋಡಬೇಡ. ಕಾಲು ಬೆಚ್ಚಗಾದ್ರೆ ಸಾಕಲ್ವಾ?

ಏನು, ಕಿಟಕಿ? ಕಿಟಕಿ ಮುಚ್ಚಲಾ? ಮುಚ್ಚಿದೆಯಲ್ಲ. ಹೊರಗೆ ಏನು? ರಸ್ತೆ. ಓ… ವಾದ್ಯ! ಬೆಳಿಗ್ಗೆ ವಾದ್ಯ ಕೇಳಿಸ್ತಾ ನಿನಗೆ? ಇಲ್ಲಿಗೂ ಕೇಳಿಸುತ್ತಾ! ಅದು… ಸ್ಲೊವಾಕರದು. ಸ್ಲೊವಾಕರ ಸಂಘದಲ್ಲಿ ಯಾರೋ ಹೋದ್ರಂತೆ. ಯಾರು ಅಂತ ವಿಚಾರಿಸಲಿಲ್ಲ. ಅವರ ಕಹಳೆನೂ ನಮ್ಮ ಬ್ಲಾಜನ ಕಹಳೆ ಥರಾನೇ ಒಡಕಲು, ಮೇಲಿನ ಸ್ವರಕ್ಕೆ ಹೋದ್ರೆ ಕೋಳಿ ಕೂಗಿದ ಹಾಗೆ ಆಗುತ್ತೆ. ಎಲ್ಲ ಕಹಳೆಗಳೂ ಅಷ್ಟೇ ಈ ಚಳಿಗೆ. ಡೋಲು ಕೇಳಿಸಿಲ್ಲ ಅಂತೀಯಾ? ಕೈ ಹಾಗೆ ಆಡಿಸಿದ್ಯಲ್ಲ… ಹೌದು, ಡೋಲು ಇರಲಿಲ್ಲ. ಅಂದ್ರೆ, ಇತ್ತಂತೆ, ಬಾರಿಸಲಿಲ್ಲವಂತೆ. ನನಗೇನು ಗೊತ್ತು ಸ್ಲೊವಾಕರ ಪದ್ಧತಿ!

…

ಏನೋ?

ಬರೀ ನೋಡ್ತಾ ಮಲಗಿದ್ರೆ ಆಗುತ್ತಾ? ನನ್ನ ಚೀಲ ಖಾಲಿ ಆಯ್ತು ಮಾರಾಯ, ಇದ್ದಿದ್ದೆಲ್ಲ ಹೇಳಿದೆ. ಬಾವುಟ ಹೇಳಿದೆ, ಹಂದಿ ಹೇಳಿದೆ. ಈಗ ನಿನ್ನ ಸರದಿ. ಕೇಳು. ಬೆರಳಲ್ಲಿ ಕೇಳು, ಹುಬ್ಬಲ್ಲಿ ಕೇಳು. ಏನಾದ್ರೂ ಕೇಳು.

ಹಾಗೆ ನೋಡಬೇಡ. ಎಷ್ಟು ಹೊತ್ತಿಂದ ನೋಡ್ತಿದೀಯ ಅದೇ ಜಾಗ. ಒಂದು ಗುಂಡಿ ಕಣೋ! ನಾಳೆ ನಾನೇ ಹೊಲ್ಕೋತೀನಿ, ಆಯ್ತಾ? ಬಿಡು ಅದನ್ನ.

…ಲೊವ್ರೊ.

ಇವತ್ತು ನೀನು ಉಂಗುರ ಮುಟ್ಟಲೇ ಇಲ್ಲವಲ್ಲ.

ನಾನು ಬಾಗಿಲಲ್ಲಿ ಕಾಲಿಟ್ಟಾಗಿಂದ… ಒಂದು ಸಲಾನೂ ಇಲ್ಲ. ತೆರೆಜಾ ಎಲ್ಲಿ ಅಂತ ಒಂದು ಸಲ ಕೇಳಲಿಲ್ಲ. ನಾನೇ ಹೇಳಿದೆ, ನಾನೇ ಹೇಳ್ಕೊಂಡೆ, ನೀನು ಕೇಳಲಿಲ್ಲ. ಯಾಕೋ? ಯಾಕೆ ಕೇಳಲಿಲ್ಲ? ಗುಂಡಿ ಅಲ್ದಿದ್ರೆ ಮತ್ತೇನು ನೋಡ್ತಿದೀಯ ಹಾಗೆ ನನ್ನ ಎದೆ ಮೇಲೆ…

ಅಯ್ಯೋ.

ಅಯ್ಯೋ ದೇವರೇ. ಕರೀದು… ಕರೀ ಮಗ್ಗುಲು.

ನಾನು… ಟೋಪಿಯ ಕರೀ ಪಟ್ಟಿ ಕಿತ್ತು ಜೇಬಿಗೆ ತುರುಕಿದೆ. ಪಂಪಿನಲ್ಲಿ ಮುಖ ತೊಳೆದೆ. ಬೂಟಿನ ಹಳದಿ ಮಣ್ಣು ಹಿಮದಲ್ಲಿ ಉಜ್ಜಿದೆ, ಬಾಯಿಂದ ಸಾರಾಯಿ ವಾಸನೆ ಹೋಗ್ಲಿ ಅಂತ ಲವಂಗ ಅಗಿದೆ. ಟ್ರಾಮಿನಲ್ಲಿ ಕೂತು ಕ್ಲೀವ್‌ಲ್ಯಾಂಡಿನ ತಂಗಿಯನ್ನ ಬಾಯಿಪಾಠ ಮಾಡಿದೆ. ಎಲ್ಲಾ ಮಾಡಿದೆ ಕಣೋ. ಸ್ಮಶಾನದ ಗೇಟಿನಲ್ಲಿ ಎಲ್ಲರೂ ನಿಂತು ಬಿಲ್ಲೆ ತಿರುಗಿಸಿದ್ರು, ನಾನೂ ನಿಂತೆ, ಕೈ ಎತ್ತಿದೆ… ಆಗ ಯಾರೋ 'ಟ್ರಾಮ್ ಬಂತು' ಅಂದ್ರು, ಓಡಿದೆ. ಯೂರೆಗೆ ಮಂಕು ಅಂದೆ. ಯೂರೆ ಕಥೆ ಹೇಳಿ ನಿನ್ನ ನಗಿಸೋಕೆ ಹೋದೆ, ಇದನ್ನ ಎದೆ ಮೇಲೆ ಹಾಕ್ಕೊಂಡು! ಆಗ ನಿನ್ನ ಕಣ್ಣಲ್ಲಿ ಬಂದ ನೀರು… ನಾನು ಎಂಥ ಕತ್ತೆ ಲೊವ್ರೊ, ಎಂಥ ಕತ್ತೆ!

ಬೇರೆ ಯಾರೋ ಹೋದ್ರು ಅಂತ ಹೇಳ್ಲಾ? ಈಗ್ಲೂ ಹೇಳಬಹುದು. ಯೂರೆ ತಾತ ಹೋದ, ವಯಸ್ಸಾಗಿತ್ತು ಅಂತ… ತಲೆ ಆಡಿಸಬೇಡ, ಗೊತ್ತು, ನಂಬಲ್ಲ ನೀನು. ಯೂರೆ ಸತ್ತಿದ್ರೆ ಈ ವಿಂಕೊ ಕೆಳಗಿನ ಮೆಟ್ಟಿಲಿಂದಲೇ ಕೂಗ್ಕೊಂಡು ಬರ್ತಿದ್ದ. ಸಂಘದಲ್ಲಿ ಯಾರು ಸತ್ತರೂ ನಿನಗೆ ಮೊದಲು ಸುದ್ದಿ ತರೋನು ನಾನೇ ಅಲ್ವಾ. 'ಬಂತಪ್ಪ ಚರ್ಚಿನ ಗಂಟೆ' ಅಂತಿದ್ದೆ ನೀನು ನನ್ನ ನೋಡಿ. ಕರೀ ಬಿಲ್ಲೆ ಹಾಕ್ಕೊಂಡು ಬಂದ ಗಂಟೆ, ಹಂದಿ ವಿಷಯ ಮಾತಾಡ್ತು. ಅಷ್ಟರಲ್ಲೇ ನಿನಗೆ ಗೊತ್ತಾಯ್ತು. ಬಾಗಿಲಲ್ಲೇ ಗೊತ್ತಾಯ್ತು. ನಾನು ಇಷ್ಟೂ ಹೊತ್ತು ಒದರಿದ್ದನ್ನ ಕೇಳ್ಕೊಂಡು ಬಿದ್ದಿದ್ಯಲ್ಲೋ, ಒಂದು ಸಲ ನನ್ನ ಕೈ ಹಿಡಿದು ನಿಲ್ಲಿಸಬಾರದಿತ್ತಾ!

ಉಸಿರು… ಲೊವ್ರೊ, ಉಸಿರು ಬಿಡು. ನಿಧಾನ. ನನ್ನ ಜೊತೆ ಬಿಡು. ನರ್ಸಮ್ಮನ್ನ ಕರೀಲಾ? ಬೇಡ್ವಾ? ಬೇಡ. ಸರಿ, ಕೈ ಬಿಡಲ್ಲ. ಇಲ್ಲೇ ಇದೀನಿ.

ಇದನ್ನೂ ಠರಾವು ಮಾಡಿದ್ವಿ ಕಣೋ. ಕೇಳಿದ್ರೆ ನಗ್ತೀಯ. ಸಂಘದ ಹಾಲಿನಲ್ಲಿ ಎಲ್ಲರೂ ಸೇರಿ, ಬ್ಲಾಜ್ ಎದ್ದು ನಿಂತು, ಸೋದರ ಲೊವ್ರೊನಿಗೆ ತಿಳಿಸಬಾರದು, ಅವನು ಎದ್ದು ಓಡಾಡೋ ತನಕ ಅವಳು ಬದುಕಿದ್ದಾಳೆ ಅಂತಾನೇ ಇಟ್ಕೋಬೇಕು, ಒಪ್ಪಿಗೆ ಇದ್ದೋರು ಕೈ ಎತ್ತಿ ಅಂದ. ಎಲ್ಲಾ ಕೈನೂ ಮೇಲೆ. ತೋಮೊ ಎರಡು ಕೈ ಎತ್ತಿದ. 'ವಿಂಕೊ, ನೀನೇ ಹೋಗು, ನಿಲ್ಲಿಸದೆ ಮಾತಾಡು, ಅವನಿಗೆ ಕೇಳೋಕೆ ಸಂದು ಕೊಡಬೇಡ' ಅಂದ್ರು. ಮಾತಾಡೋದೊಂದೇ ನನಗೆ ಬರೋದು, ಅದಕ್ಕೇ ಕಳಿಸಿದ್ರು. ಅದನ್ನೂ ಸರಿಯಾಗಿ ಮಾಡಲಿಲ್ಲ ನಾನು.

ಅವಳೂ ಅದನ್ನೇ ಹೇಳಿದ್ಲು. ಜ್ವರ ಎದೆಗಿಳಿದ ಮೇಲೆ ಹೆಚ್ಚು ದಿನ ಹಿಡೀಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಬ್ಲಾಜನ ಹೆಂಡ್ತಿನೂ ಇದ್ಲು, ಪಾದ್ರಿ ಬಂದು ಹೋಗಿದ್ರು. ಒಂಟಿಯಾಗಿ ಹೋಗಲಿಲ್ಲ ಲೊವ್ರೊ, ಅದನ್ನ ಆಣೆ ಮಾಡಿ ಹೇಳ್ತೀನಿ. ನನ್ನ ತೋಳು ಹಿಡ್ಕೊಂಡು, 'ಅವನು ಆ ಆಸ್ಪತ್ರೆ ಮೆಟ್ಟಿಲು ತನ್ನ ಕಾಲಲ್ಲೇ ಇಳಿದು ಬರಲಿ, ಕೊನೇ ಮೆಟ್ಟಿಲು ಇಳಿದ ಮೇಲೆ ಹೇಳು, ಅದಕ್ಕೆ ಮುಂಚೆ ಹೇಳಿದ್ಯೋ ನಿನ್ನ ಕಿವಿ ಕಿತ್ತೇನು' ಅಂದ್ಲು. ಆ ಸ್ಥಿತಿಯಲ್ಲೂ ಕಿವಿ ಕೀಳೋ ಮಾತು! ಆಮೇಲೆ ಸ್ವಲ್ಪ ಹೊತ್ತು ಊರಲ್ಲಿದ್ದಾಳೆ ಅಂತ ಅಂದ್ಕೊಂಡ್ಲು. ಪ್ಲಮ್ ಹಣ್ಣು ಉದುರ್ತಿದೆ, ಆರಿಸೋಕೆ ಯಾರೂ ಇಲ್ವಾ ಅಂದ್ಲು. ನಾನು ಆರಿಸ್ತೀನಿ ಅಂದೆ.

ಯಾಕೆ ಹಾಗೆ ಕಿಟಕಿ ತೋರಿಸ್ತೀಯ? ಗುಡ್ಡ? ರಸ್ತೆ? …ಓ. ಇಲ್ಲ. ಇಲ್ಲ ಕಣೋ, ಅದನ್ನ ಮನಸ್ಸಿಗೆ ಹಚ್ಕೋಬೇಡ. ನಿನ್ನ ನೋಡೋಕೆ ದಿನಾ ಗುಡ್ಡ ಹತ್ತಿದ್ದಕ್ಕೆ ಹೀಗಾಯ್ತು ಅಂತ ನೀನು ಅಂದ್ಕೊಂಡ್ರೆ ನಾನು… ಹೌದು, ನೆನೆದಳು. ಆ ಹಿಮದ ಮಳೆಯಲ್ಲಿ ನೆನೆದು ಮನೆಗೆ ಬಂದ್ಲು, ಸುಳ್ಳು ಹೇಳಲ್ಲ, ಇವತ್ತಿಗೆ ಹೇಳಿದ ಸುಳ್ಳು ಸಾಕು. ಬೇಡ ಅಂದಿದ್ವಿ ಎಲ್ಲರೂ. ನೀನೇ ಬೇಡ ಅಂದಿದ್ರೂ ಕೇಳ್ತಿದ್ಲಾ ಅವಳು? ಯಾವತ್ತು ಕೇಳಿದಾಳೆ? ನಿನ್ನ ಮಾತು ಕೇಳಿದ್ರೆ ಅವಳು ಈ ದೇಶಕ್ಕೇ ಬರ್ತಿರಲಿಲ್ಲ. ನೀನು ಕರೀದೇ ಇದ್ರೂ ಹಡಗು ಹತ್ತಿ ಬಂದವಳು.

ಅಳು. ಅಳು ಮಾರಾಯ. ಬ್ಯಾಂಡೇಜ್ ಒದ್ದೆ ಆದ್ರೆ ಆಗ್ಲಿ. ಬೈಸ್ಕೊಳ್ಳೋನು ನಾನು.

ಚೆನ್ನಾಗಿ ಕಳಿಸಿಕೊಟ್ವಿ ಲೊವ್ರೊ. ಇಡೀ ಸಂಘ ಬಂದಿತ್ತು. ಕಾರ್ಖಾನೆ ಪಾಳಿ ಬಿಟ್ಟು ಬಂದ್ರು, ಸಂಬಳ ಹೋದ್ರೆ ಹೋಗ್ಲಿ ಅಂತ. ಹೊಸ ಬಾವುಟ ಅವಳಿಗೇ ಮೊದಲು ಹಿಡಿದಿದ್ದು. ಪಾದ್ರಿ ನೀರು ಹಾಕೋ ತನಕ ಹೊರಗೆ ತೆಗೀಬಾರದು ಅಂತ ಬ್ಲಾಜ್ ಗೊಣಗಿದ, ಹೆಂಗಸರು ಬಿಡಲಿಲ್ಲ. ಆ ಹಂದಿ ನೋಡಿದ್ರೆ ಅವಳೇ ಎಲ್ಲರಿಗಿಂತ ಜಾಸ್ತಿ ನಗ್ತಿದ್ಲು, ಅದೇ ಇರ್ಲಿ ಅಂದ್ರು. ಪೆಟ್ಟಿಗೆಯ ಮುಂದಿನ ಮೂಲೆ ನಾನು ಹೊತ್ತೆ, ನಿನ್ನ ಜಾಗದಲ್ಲಿ. ನಿನ್ನ ಡೋಲು ತೋಮೊ ಹೊತ್ಕೊಂಡು ನಡೆದ. ಬಾರಿಸಬೇಡಿ, ಅದರ ಕೋಲು ಲೊವ್ರೊನದು, ಸುಮ್ಮನೆ ಹೊತ್ಕೊಂಡು ಬನ್ನಿ ಅಂತ ಎಲ್ಲರೂ ಅಂದ್ರು. ಈ ರಸ್ತೆಯಲ್ಲೇ ಬಂದ್ವಿ, ನಿನ್ನ ಕಿಟಕಿ ಕೆಳಗೆ. ಬೇರೆ ದಾರಿ ಇರಲಿಲ್ಲ. ಇಲ್ಲಿ ಬಂದಾಗ ವಾದ್ಯ ನಿಲ್ಲಿಸಿ ಅಂತ ಬ್ಲಾಜನಿಗೆ ಕೈ ಮಾಡಿದೆ. ಅವನು ಕಣ್ಣು ಮುಚ್ಚಿ ಊದ್ತಿದ್ದ, ನೋಡಲಿಲ್ಲ.

ಕಾಲುಚೀಲಾನಾ? ಬಿಗಿ ಆಗ್ತಿದೆಯಾ, ತೆಗೀಲಾ? …ಅಲ್ಲ. ಓ. ಯಾವುದು ಅವಳದು ಅಂತ ಕೇಳ್ತಿದೀಯ.

ಎಡಗಾಲಿಂದು ಪೂರ್ತಿ ಅವಳದೇ. ಬಲಗಾಲಿಂದು ಹಿಮ್ಮಡಿ ತನಕ ಅವಳದು. ಅಲ್ಲಿಂದ ಮುಂದೆ ಬ್ಲಾಜನ ಹೆಂಡ್ತಿ ಹೆಣೆದಿದ್ದು. ರಾತ್ರಿ ಅವಳ ಪಕ್ಕ ಕೂತು ಹೆಣೆದು ಮುಗಿಸಿದ್ಲು. ಕಡ್ಡಿ ಹಾಗೇ ಬಿಟ್ಟಿದ್ರೆ ಒಳ್ಳೇದಲ್ಲ, ಅವನಿಗೆ ಎರಡೂ ಕಾಲಿಗೆ ಬೇಕಲ್ಲ ಅಂದ್ಲು. ಹಿಮ್ಮಡಿ ಹತ್ರ, ಇಲ್ಲಿ ಮುಟ್ಟಿ ನೋಡು, ಗೊತ್ತಾಗುತ್ತೆ ಬೆರಳಿಗೆ. ಇಲ್ಲಿ ತನಕ.

ಈ ಬಿಲ್ಲೆ ತೆಗೆದುಬಿಡ್ತೀನಿ, ಇರು. ನಿನ್ನ ಕಣ್ಣ ಮುಂದೆ ಯಾಕೆ ಇನ್ನೂ. ತಿರುಗಿಸಿಬಿಡ್ತೀನಿ… ಏನು? ಕೈ ಬಿಡು. ತಿರುಗಿಸಬೇಡ ಅಂತೀಯಾ? ಸರಿ. ಇರ್ಲಿ. ತಿರುಗಿಸಿದ್ರೆ ಅವಳೇನೂ ಎದ್ದು ಬರಲ್ಲ. ಹಾಗೆ ತಿರುಗಿಸಿ ಎಬ್ಬಿಸೋಕೆ ಬರ್ತಿದ್ದಿದ್ದು ಅವಳೊಬ್ಬಳಿಗೇ.

ಏನು ಬೇಕು? ನೀರಾ? ಕಪಾಟಿನ ಮೇಲಿಂದಾ… ಜಪಮಾಲೆ ಕೊಡ್ಲಾ? ಅದಲ್ಲ. ಮತ್ತೆ? …ಓಹ್. ನಿನ್ನ ಬಿಲ್ಲೆ.

ತಗೋ. ಅವಳು ಇಟ್ಟ ಹಾಗೇ ಇದೆ, ಯಾರೂ ಮುಟ್ಟಿಲ್ಲ. ನಾನು ತಿರುಗಿಸಿ ಕೊಡ್ತೀನಿ, ಕೊಡಿಲ್ಲಿ… ಸರಿ, ಸರಿ. ನೀನೇ ತಿರುಗಿಸು. ನನಗೇನು ಅವಸರ ಇಲ್ಲ, ಆ ನರ್ಸಮ್ಮ ಬಂದು ಹೊರಡು ಅಂದ್ರೂ ಹೋಗಲ್ಲ.

…ಹಾಂ. ಆಯ್ತು. ಪಿನ್ನು ಮಾತ್ರ ನಾನು ಹಾಕ್ತೀನಿ. ಅಲ್ಲಾಡಬೇಡ ಲೊವ್ರೊ, ಅಂಗಿ ತೆಳ್ಳಗಿದೆ, ಚುಚ್ಚೀತು.